ಬಲಗೈ ಚಾಚಿದ ಡ್ರೈವರ್

ಗಂಡಸರಿಗೆ ಬಲಗೈ, ಹೆಂಗಸರಿಗೆ ಎಡಗೈ. ಹಸ್ತ ನೋಡುವ ಕೆಲಸಕ್ಕೆ ಬರುವವರು ಮೊದಲು ಕಲಿಯುವ ಪಾಠ ಇದು. ಈ ಪಾಠದಿಂದ ಒಂದು ಬಸ್ಸಿನ ಜನ ಸಾಯುವುದರಲ್ಲಿದ್ದರು ಅಂದರೆ ನೀವು ನಗುತ್ತೀರಿ. ನಗಿ. ನಾನೂ ನಗುತ್ತೇನೆ, ಬಸ್ಸಿನಲ್ಲಿ ಕೂತಿರುವ ಹೊತ್ತು ಬಿಟ್ಟು.

ನಾನು ಚಳ್ಳಕೆರೆಯಲ್ಲಿ ಬಿ.ಎ. ಓದಿದವಳು, ಇತಿಹಾಸದಲ್ಲಿ. ಕಾಲೇಜಿನವರು ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿ ಅಶೋಕನ ಶಾಸನ ತೋರಿಸಿದ್ದರು. ಬಂಡೆಯ ಮೇಲಿನ ಗೀರುಗಳನ್ನು ಓದಿ ಅರ್ಥ ಹೇಳುವವರಿದ್ದಾರಲ್ಲ ಎಂದು ಅವತ್ತು ಬೆರಗಾಗಿದ್ದೆ. ಕೊನೆಗೆ ನನಗೂ ಗೆರೆ ಓದುವ ಕೆಲಸವೇ ಸಿಕ್ಕಿತು. ಬಂಡೆ ಮಾತ್ರ ಇರಲಿಲ್ಲ.

ಕೆಲಸಕ್ಕೆ ಹಚ್ಚಿದವರು ನನ್ನ ಸೋದರಮಾವ ತಿಪ್ಪೇಸ್ವಾಮಿ. ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರದೊಂದು ಪುಟ್ಟ ಅಂಗಡಿ. ಬಾಗಿಲ ಮೇಲೆ ದೊಡ್ಡ ಕೈಯೊಂದರ ಚಿತ್ರ. ಬರೆದ ಪೇಂಟರ್ ಹೆಬ್ಬೆರಳನ್ನು ಸ್ವಲ್ಪ ಉದ್ದ ಮಾಡಿಬಿಟ್ಟಿದ್ದ, ದೂರದಿಂದ ನೋಡಿದರೆ ಬಸ್ಸಿಗೆ ಅಡ್ಡ ಹಾಕಿದ ಹಾಗೆ ಕಾಣುತ್ತಿತ್ತು. ಗಂಡಸರು ಸಾಲುಗಟ್ಟಿ ಬರುತ್ತಿದ್ದರು. ಹೆಂಗಸರು ಬಾಗಿಲವರೆಗೆ ಬಂದು, ಪರಗಂಡಸಿನ ಕೈಗೆ ಕೈ ಕೊಡುವುದು ಹೇಗೆ ಎಂದು ವಾಪಸ್ ಹೋಗುತ್ತಿದ್ದರು.

"ಮುಟ್ಟಂಗಿಲ್ಲ, ದೂರದಿಂದ ಪೆನ್ಸಿಲ್ ತೋರ್ಸಿ ಹೇಳ್ಬೇಕು. ಮೇಷ್ಟ್ರು ಭೂಪಟ ತೋರ್ಸಿದಂಗೆ ಆಗ್ತೈತೆ ಕಣವ್ವ" ಎಂದರು ಮಾವ. "ನೀನು ಬಾ. ಹೆಂಗಸ್ರ ಕಡೆ ನೀನು ನೋಡ್ಕೋ."

"ನಂಗೇನು ಬರ್ತೈತೆ ಮಾವ?"

"ಕೈ ಹಿಡ್ಕಳಾಕೆ ಬರ್ತೈತಲ್ಲ? ಮಿಕ್ಕಿದ್ದು ಅವರೇ ಹೇಳ್ತಾರೆ."

ಹೀಗೆ ಅಂಗಡಿ ಎರಡು ಭಾಗವಾಯಿತು. ನಡುವೆ ಒಂದು ಪರದೆ. ಆ ಕಡೆ ಮಾವ, ಬಲಗೈಗಳು. ಈ ಕಡೆ ನಾನು, ಎಡಗೈಗಳು. ಸಂತೆಯ ದಿನ ಇಬ್ಬರೂ ಮೊಳಕಾಲ್ಮೂರಿಗೆ ಹೋಗಿ ಬೇವಿನ ಮರದ ಕೆಳಗೆ ಚಾಪೆ ಹಾಸುತ್ತಿದ್ದೆವು. ಅಲ್ಲಿ ಪರದೆ ಇರಲಿಲ್ಲ. ಮರದ ಆ ಮಗ್ಗುಲು ಅವರು, ಈ ಮಗ್ಗುಲು ನಾನು.

ಮಾವನಿಂದ ಕಲಿತದ್ದರಲ್ಲಿ ರೇಖೆಗಳ ಪಾಠ ಕಡಿಮೆ. ಸಾವಿನ ಸುದ್ದಿ ಎತ್ತಬಾರದು. ಗಂಡನ ಎದುರು ಹೆಂಡತಿಯ ಕೈ ನೋಡಬಾರದು, ಅವಳ ಬಾಯಿ ತೆರೆಯುವುದಿಲ್ಲ. ಎಲ್ಲಕ್ಕಿಂತ ದೊಡ್ಡದು ಇದು: ಹಿಡಿದ ಕೈಯನ್ನು ಮಾತು ಮುಗಿಯುವವರೆಗೆ ಬಿಡಬಾರದು. ಅರ್ಧಕ್ಕೆ ಬಿಟ್ಟರೆ ಅಪಶಕುನ, ಕೈ ಕೊಟ್ಟವರಿಗೂ ಹಿಡಿದವರಿಗೂ. ಜನ ಕೈ ಎಳೆದುಕೊಳ್ಳುತ್ತಾರೆ. ಅಳುಕಾದರೆ ಎಳೆಯುತ್ತಾರೆ, ನಾಚಿಕೆಯಾದರೆ ಎಳೆಯುತ್ತಾರೆ, ಮನೆಯ ಗುಟ್ಟಿನ ಹತ್ತಿರ ಮಾತು ಬಂದರಂತೂ ಎಳೆದೇ ಎಳೆಯುತ್ತಾರೆ. ಆಗ ಇನ್ನಷ್ಟು ಬಿಗಿ ಹಿಡಿದು, "ಹೆದರ್ಬೇಡಪ್ಪ, ಮಾತು ಮುಗೀಲಿ" ಅನ್ನಬೇಕು. ಮಾವನ ಹಿಡಿತ ಇಕ್ಕಳದ ಹಿಡಿತ.

ಒಮ್ಮೆ ಒಬ್ಬ ಶೇಂಗಾ ವ್ಯಾಪಾರಿಯ ಕೈಯನ್ನು ಮಾವ ಹಿಡಿದಿದ್ದಾಗ ಆ ವ್ಯಾಪಾರಿಯ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಮಾರುಕಟ್ಟೆಯಲ್ಲಿ ಹರಾಜು ನಡೆಯುವ ಹೊತ್ತು. ಫೋನಿದ್ದದ್ದು ಬಲಜೇಬಿನಲ್ಲಿ, ಬಲಗೈ ಇದ್ದದ್ದು ಮಾವನ ಹತ್ತಿರ. ಆ ದಪ್ಪ ಮನುಷ್ಯ ಎಡಗೈಯನ್ನು ಬೆನ್ನ ಹಿಂದಿನಿಂದ ತಂದು ಬಲಜೇಬಿಗೆ ಹಾಕಲು ಒದ್ದಾಡಿದ್ದನ್ನು ಪರದೆಯ ಸಂದಿಯಿಂದ ನೋಡಿ, ನಾನೂ ನನ್ನ ಮುಂದಿದ್ದ ಹೆಂಗಸೂ ಸೆರಗು ಬಾಯಿಗೆ ತುರುಕಿಕೊಂಡೆವು. ಫೋನು ನಿಂತೇ ಹೋಯಿತು. ಮಾವ ಹಸನ್ಮುಖರಾಗಿ, "ನಿಮ್ಗೆ ತಾಳ್ಮೆ ರೇಖೆ ಚಲೋ ಐತೆ ಸಾವ್ಕಾರ್ರೇ" ಎಂದರು.

ನನ್ನ ಎಡವಟ್ಟುಗಳನ್ನೂ ಹೇಳಬೇಕಲ್ಲ. ಮೊಳಕಾಲ್ಮೂರಿನಲ್ಲಿ ಶುರುವಿನ ದಿನಗಳು. ಒಬ್ಬ ಹೆಂಗಸು ಎಡಗೈ ಮುಂದಿಟ್ಟಳು. ಮಣಿಕಟ್ಟಿನಿಂದ ನಡುಬೆರಳವರೆಗೆ ನೆಟ್ಟಗೆ, ಕೆಂಪಗೆ ಒಂದು ರೇಖೆ. ಪುಸ್ತಕದಲ್ಲಿ ಮಾತ್ರ ಕಂಡಿದ್ದ ಭಾಗ್ಯರೇಖೆ. ಅಕ್ಕಪಕ್ಕದವರನ್ನು ಕರೆದು ತೋರಿಸಿ, ಈಕೆಗೆ ರಾಜಯೋಗ ಎಂದು ಸಾರಿಬಿಟ್ಟೆ. ಅವಳು ಸೆರಗಿಗೆ ಅಂಗೈ ಒರೆಸಿಕೊಂಡಳು. ರಾಜಯೋಗ ಅರ್ಧ ಅಳಿಸಿಹೋಯಿತು.

"ರೇಷ್ಮೆ ಬಣ್ಣಕ್ಕೆ ಹಾಕಿ ಬಂದೆ ಕಣಮ್ಮ, ರಂಗು ಅದು" ಎಂದಳು ಪಾಪ, ನನ್ನ ಮುಖ ನೋಡಿ ಅವಳಿಗೇ ಬೇಜಾರು. ಆಮೇಲೆ ಚಾಪೆಯ ಪಕ್ಕ ಒಂದು ಚೊಂಬು ನೀರು ಇಟ್ಟುಕೊಂಡೆ. ಮೊದಲು ಕೈ ತೊಳೆಸು, ಆಮೇಲೆ ಭವಿಷ್ಯ.

ಕೆಲಸದ ರೀತಿಯೂ ಬದಲಾಯಿತು. ಮೊದಲು ಸ್ಟ್ಯಾಂಪ್ ಪ್ಯಾಡಿನ ಶಾಯಿ ಬಳಿದು ಬಿಳಿ ಹಾಳೆಯ ಮೇಲೆ ಹಸ್ತದ ಅಚ್ಚು ತೆಗೆಯುತ್ತಿದ್ದೆವು. ಎಣ್ಣೆ ಗಿರಣಿಯವರ ಅಂಗೈಗೆ ಮಾತ್ರ ಶಾಯಿ ಹತ್ತುತ್ತಲೇ ಇರಲಿಲ್ಲ, ಜಾರಿ ಹೋಗುತ್ತಿತ್ತು. ಆಮೇಲೆ ಫೋನಿನಲ್ಲಿ ಫೋಟೋ ಕಳಿಸುವ ಕಾಲ ಬಂತು. ಒಬ್ಬ ಹುಡುಗ ಮುಂದಿನ ಕ್ಯಾಮೆರಾದಲ್ಲಿ ತೆಗೆದು ಕಳಿಸಿದ್ದ. ಅದು ಕನ್ನಡಿಯಂತೆ ಎಡಬಲ ಮಾಡಿಬಿಡುತ್ತದೆ ಎಂದು ಮಾವನಿಗೆ ತಿಳಿಯದು. "ಯಾಕ್ಲೇ ಎಡಗೈ ಕಳ್ಸಿದೀಯ, ನೀನು ಗಂಡ್ಸಲ್ವಾ?" ಎಂದು ಫೋನು ಮಾಡಿ ಬೈದರು. ಅವನು ಮತ್ತೆ ತೆಗೆದ, ಮತ್ತೆ ಎಡಗೈಯೇ ಬಂತು. ಕೊನೆಗೆ ಅವನೇ ಬಸ್ಸು ಹತ್ತಿ ಬಂದ. ನನ್ನ ಮಟ್ಟಿಗೆ ಫೋಟೋ ಪ್ರಯೋಜನವಿಲ್ಲ. ಕೈ ಬೆವೆತಿದೆಯೋ, ತಣ್ಣಗಿದೆಯೋ, ಯಾವ ಮಾತಿಗೆ ನಡುಗಿತು ಅನ್ನುವುದು ಫೋಟೋದಲ್ಲಿ ಬರುವುದಿಲ್ಲ.

ಇದೆಲ್ಲ ನಿಜವಾ ಎಂದು ನೀವು ಕೇಳೇ ಕೇಳುತ್ತೀರಿ. ಓದಿದವಳು ಬೇರೆ. ನನಗೆ ಗೊತ್ತಿರುವುದು ಇಷ್ಟು: ಬಂದವರಲ್ಲಿ ಹೆಚ್ಚಿನವರಿಗೆ ಉತ್ತರ ಮೊದಲೇ ಗೊತ್ತಿರುತ್ತಿತ್ತು. ಬೇರೆಯವರ ಬಾಯಿಂದ ಕೇಳಬೇಕಿತ್ತು, ಅಷ್ಟೇ. ಬಾಯಿ ಕಟ್ಟಿಕೊಂಡು ಬದುಕುವ ಹೆಂಗಸರಂತೂ ಕೈ ಕೊಟ್ಟು ಕೂತರೆ ಏಳುತ್ತಿರಲಿಲ್ಲ. ಒಬ್ಬರ ಮನೆಗೇ ಹೋಗಿ ನೋಡುತ್ತಿದ್ದಾಗ ಒಳಗಿನಿಂದ ಸೀದ ವಾಸನೆ ಬಂತು. "ಹೆಂಚಿನ ಮ್ಯಾಲೆ ರೊಟ್ಟಿ ಐತೆ" ಎಂದರು ಆಕೆ, ಏಳದೆ. "ಸೀದ್ರೆ ಸೀಯ್ಲಿ. ನೀನು ಹೇಳವ್ವ."

ಈಗ ಬಸ್ಸಿನ ಸುದ್ದಿ.

ಚಳಿಗಾಲದ ಸಂತೆಯ ದಿನ, ಮೊಳಕಾಲ್ಮೂರಿನ ಖಾಸಗಿ ಬಸ್ಸು. ಮುಂದಿನ ಸೀಟುಗಳು ಹೆಂಗಸರಿಗೆ. ಅವೂ ತುಂಬಿದ್ದರಿಂದ ನಾನು ಡ್ರೈವರ್ ಪಕ್ಕದ ಎಂಜಿನ್ ಡಬ್ಬದ ಮೇಲೆ ಕೂತೆ, ಬೆಚ್ಚಗಿರುತ್ತದೆ. ತೊಡೆಯ ಮೇಲೆ ಕೈಚೀಲ, ಅದರ ಮೇಲೆ ಮಾವನ ಹಿತ್ತಾಳೆ ಹಿಡಿಯ ಭೂತಗನ್ನಡಿ, ಒಡೆಯಬಾರದೆಂದು. ಮಾವ ನನ್ನ ಹಿಂದೆ ಕಂಬಿಗೆ ಒರಗಿ ನಿಂತಿದ್ದರು. ಡ್ರೈವರ್ ಓಬಳೇಶ ಆ ದಾರಿಯ ಕಾಯಂ ಹುಡುಗ. ಅವತ್ತು ಹೊಸ ಶರ್ಟು ಹಾಕಿದ್ದ, ಹಣೆಗೆ ವಿಭೂತಿ.

ತಳಕು ಊರು ದಾಟುವವರೆಗೆ ಸುಮ್ಮನಿದ್ದ. ಆಮೇಲೆ ಕೇಳಿದ, "ಅಕ್ಕ, ನನ್ ಕೈ ಒಂದೀಟು ನೋಡ್ತೀರಾ?"

"ಇಳಿದ ಮ್ಯಾಲೆ ನೋಡಾನ ಬಿಡೋ."

"ಇಳಿದ ಕೂಡ್ಲೇ ಹುಡುಗಿ ಮನೆಗೆ ಹೋಗ್ಬೇಕು. ಮಾತುಕತೆ ಇವತ್ತೇ. ಮಗ್ಗದೋರು. ಹುಡುಗಿ ಒಪ್ಪೈತೆ, ಅವರಪ್ಪ ಒಪ್ಪವಲ್ಲ. ಡ್ರೈವರ್ ಅಂದ್ರೆ ಬೆಳಿಗ್ಗೆ ಇರ್ತಾನೆ, ಸಂಜಿಕೆ ಇಲ್ಲ, ಅಂಥೋನಿಗೆ ಮಗಳನ್ನ ಕೊಡಲ್ಲ ಅಂತಾನೆ. ಆಯುಷ್ಯ ಗಟ್ಟಿ ಐತೆ ಅಂತ ನೀವು ಒಂದ್ ಮಾತು ಹೇಳಿದ್ರೆ ಧೈರ್ಯವಾಗಿ ಹೋಗಿ ಕುಂತ್ಕಂತೀನಿ."

"ನಾನು ಗಂಡಸ್ರ ಕೈ ನೋಡಲ್ಲಪ್ಪ. ರಸ್ತೆ ನೋಡು."

ಅಷ್ಟರಲ್ಲಿ ಹಿಂದಿನಿಂದ ಮಾವ ಬಗ್ಗಿದರು. ಕೈಯೊಂದು ತಮ್ಮತ್ತ ಬರುತ್ತಿದೆ ಎಂದರೆ ಬೇಡ ಅಂದವರಲ್ಲ ಅವರು. "ಎಲ್ಲಿ, ಕೊಡಪ್ಪ."

ಓಬಳೇಶ ನನಗೆ ಹತ್ತಿರವಿದ್ದ ಎಡಗೈ ಚಾಚಿದ. ಎಡಗೈ ಆಗಿದ್ದರೆ ಅಷ್ಟು ಕೇಡಿರಲಿಲ್ಲ, ಗೇರು ಹಾಕುವಾಗ ಹೇಗೂ ಅದು ಸ್ಟೇರಿಂಗ್ ಬಿಟ್ಟಿರುತ್ತದೆ. ಆದರೆ ಮಾವ, "ಗಂಡಸಿಗೆ ಬಲಗೈ ಕಣೋ" ಎಂದರು. ಅವನು ಎಡಗೈಯಲ್ಲಿ ಸ್ಟೇರಿಂಗ್ ಹಿಡಿದು, ಅರ್ಧ ತಿರುಗಿ, ಬಲಗೈಯನ್ನು ಎದೆಯ ಮುಂದಿನಿಂದ ನನ್ನ ತೊಡೆಯ ಮೇಲಕ್ಕೆ ತಂದ. ಮಾವ ಎರಡೂ ಕೈಯಲ್ಲಿ ಹಿಡಿದುಕೊಂಡರು.

ಹಿಂದೆ ಕೂತವರಿಗೂ ಕುತೂಹಲ. ಒಬ್ಬಾಕೆ, "ಮದ್ವಿ ಯೋಗ ನೋಡ್ರಿ ಮೊದ್ಲು" ಎಂದಳು. ಕಂಡಕ್ಟರ್, "ಅವನಿಗೆ ಬುದ್ಧಿ ರೇಖೆ ಐತಾ ನೋಡ್ರಿ ಸ್ವಾಮಿ, ನಾವು ಹುಡ್ಕಿ ಹುಡ್ಕಿ ಸಾಕಾಗೈತೆ" ಎಂದ. ಬಸ್ಸೆಲ್ಲ ನಗು. ನಾನೂ ನಕ್ಕೆ. ಹೆದ್ದಾರಿ ಬಿಟ್ಟು ಮೊಳಕಾಲ್ಮೂರಿನ ರಸ್ತೆಗೆ ತಿರುಗಿ ಆಗಿತ್ತು. ಎರಡೂ ಕಡೆ ಜಾಲಿ ಮರಗಳು.

"ಆಯುಷ್ಯ ರೇಖೆ..." ಎಂದು ಮಾವ ರಾಗ ಎಳೆದರು. ಅದು ಅವರ ಪದ್ಧತಿ, ಒಳ್ಳೆಯದನ್ನು ತಡವಾಗಿ ಹೇಳುವುದು.

ಆಗ ಹುರುಳಿ ಕಂಡಿತು. ನಮ್ಮ ಕಡೆಯ ರಸ್ತೆಗಳನ್ನು ಬಲ್ಲವರಿಗೆ ಹೇಳಬೇಕಿಲ್ಲ. ಕಿತ್ತ ಹುರುಳಿ ಗಿಡವನ್ನು ಟಾರಿನ ಮೇಲೆ ಹಾಸುತ್ತಾರೆ, ಬಸ್ಸು ಲಾರಿಗಳ ಗಾಲಿಯೇ ಒಕ್ಕಣೆ ಮಾಡುತ್ತದೆ. ದಿನವೂ ನಡೆಯುವುದೇ. ಡ್ರೈವರುಗಳು ವೇಗ ತಗ್ಗಿಸಿ, ಎರಡೂ ಕೈಯಲ್ಲಿ ಬಿಗಿ ಹಿಡಿದು ದಾಟಿಸುತ್ತಾರೆ, ಗಿಡದ ಮೇಲೆ ಗಾಲಿ ಜಾರುತ್ತದೆ. ಅವತ್ತು ಹುರುಳಿಯ ನಡುವೆ ಒಬ್ಬಳು ಅಜ್ಜಿ ಇದ್ದಳು. ಹಸಿರು ಸೀರೆ. ಚಳಿಗೆ ಕಿವಿ ಮುಚ್ಚುವಂತೆ ಟವಲ್ ಕಟ್ಟಿಕೊಂಡು, ನಮಗೆ ಬೆನ್ನು ಹಾಕಿ, ಬಗ್ಗಿ ಕೋಲಿನಿಂದ ಗಿಡ ತಿರುವಿಹಾಕುತ್ತಿದ್ದಳು.

ಓಬಳೇಶ ಬ್ರೇಕ್ ಒತ್ತಿದ. ಬಸ್ಸು ನಿಲ್ಲಲಿಲ್ಲ, ಜಾರತೊಡಗಿತು. ಹಾರ್ನ್ ಒತ್ತಲು ಇನ್ನೊಂದು ಕೈ ಬೇಕು. ಬಲಗೈ ಎಳೆದುಕೊಂಡ. ಬರಲಿಲ್ಲ.

"ಬಿಡ್ರಿ ಸ್ವಾಮಿ" ಎಂದ.

ಮಾವ ತಲೆ ಎತ್ತಲಿಲ್ಲ. ಯಾರು ಕೈ ಎಳೆದರೂ ಅವರ ಬೆರಳು ತಾವಾಗಿ ಬಿಗಿಯುತ್ತಿದ್ದವು, ಬಾಯಿ ತಾನಾಗಿ ಹೇಳುತ್ತಿತ್ತು. "ಹೆದರ್ಬೇಡಪ್ಪ, ಮಾತು ಮುಗೀಲಿ."

ಇದನ್ನು ನಾನು ಎಷ್ಟು ಸಲ ಮತ್ತೆ ನೋಡಿದ್ದೇನೋ. ರಾತ್ರಿ ಹಾಲು ಕಾಯಿಸುವಾಗ, ಬಟ್ಟೆ ಒಣಗಿಸುವಾಗ. ಹಸಿರು ಸೀರೆ ದೊಡ್ಡದಾಗುತ್ತಾ ಬರುತ್ತದೆ. ನನ್ನ ತೊಡೆಯ ಮೇಲೆ ಮೂರು ಕೈ. ಒಂದು ಎಳೆಯುತ್ತಿದೆ, ಎರಡು ಬಿಡುತ್ತಿಲ್ಲ. ಆಮೇಲೇನಾಯಿತು ಅನ್ನುವುದು ನನ್ನ ನೆನಪಿನಲ್ಲಿಲ್ಲ. ನಾನು ಭೂತಗನ್ನಡಿಯ ಹಿತ್ತಾಳೆ ಹಿಡಿಯಿಂದ ಮಾವನ ಗೆಣ್ಣಿನ ಮೇಲೆ ಬಾರಿಸಿದೆ ಅಂತ ಹಿಂದಿನ ಸೀಟಿನವರು ಹೇಳುತ್ತಾರೆ. ಮಾವನ ಗೆಣ್ಣು ಬದನೆಕಾಯಿಯಂತೆ ಊದಿದ್ದು ನಿಜ. ಗಾಜು ನನ್ನ ಮಡಿಲಲ್ಲಿ ಚೂರಾಗಿದ್ದೂ ನಿಜ.

ಕೈ ಸಿಕ್ಕ ಕೂಡಲೇ ಓಬಳೇಶ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದ. ಬಸ್ಸು ಅಜ್ಜಿಯನ್ನು ತಪ್ಪಿಸಿ, ರಸ್ತೆ ಬಿಟ್ಟು, ಜಾಲಿ ಮರಕ್ಕೆ ಗುದ್ದಿ ನಿಂತಿತು. ಗುದ್ದಿದ್ದು ಅವನು ಕೂತ ಮೂಲೆ. ಗಾಜು ಒಡೆದು ಅವನ ಬಲ ಅಂಗೈ ಸೀಳಿತ್ತು. ಮಿಕ್ಕವರಿಗೆ ತರಚು ಗಾಯ, ಕೆಲವರು ಬೋರಲು ಬಿದ್ದಿದ್ದರು, ಒಬ್ಬರ ಬುಟ್ಟಿಯ ಟೊಮೆಟೊ ಎಲ್ಲರ ಮೈಮೇಲೆ.

ಇಳಿದೆವು. ಅಜ್ಜಿ ಕೋಲು ಹಿಡಿದುಕೊಂಡೇ ಬಂದಳು. ಸಿಟ್ಟಿನಲ್ಲಿದ್ದಳು.

"ತುಳ್ಕಂಡು ಹೋಗ್ಲಿ ಅಂತಾನೇ ಹಾಸಿರಾದು. ಬಿಟ್ಟು ಮಗ್ಗುಲಾಗೆ ಹೋಗ್ತೀರಲ್ಲ, ಕಣ್ಣು ಕಾಣಲ್ವಾ? ನಮ್ ಹುರುಳಿ ಏನು ಮಾಡಿತ್ತು ನಿಮ್ಗೆ?"

ನಾನು ಅವಳ ಕೈ ಹಿಡಿದುಕೊಂಡೆ. ಬೆಚ್ಚಗಿತ್ತು. ನೋಡುವುದಕ್ಕಲ್ಲ, ಸುಮ್ಮನೆ. ಅವಳು ಸಿಟ್ಟು ಮರೆತು ನನ್ನನ್ನೇ ನೋಡಿದಳು. "ಯಾಕವ್ವ, ನಿನ್ ಕೈ ಹಿಂಗೆ ಆಡ್ತೈತೆ, ಮೊರದಾಗಿನ ಕಾಳು ಆಡ್ದಂಗೆ? ಕುಂತ್ಕ, ನೀರು ಕುಡಿ."

ಮಾವ ರಸ್ತೆಯ ಅಂಚಿಗೆ ಕುಕ್ಕರಿಸಿದ್ದರು. ತಮ್ಮ ಎರಡೂ ಕೈಗಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಳ್ಳುತ್ತಿದ್ದರು.

ಓಬಳೇಶನನ್ನು ಆಸ್ಪತ್ರೆಗೆ ಕರೆದೊಯ್ದರು. ಅವನ ಮಾತುಕತೆ ಅಲ್ಲಿಗೆ ನಿಂತಿತು. ನಾವು ಟ್ರ್ಯಾಕ್ಟರ್ ಹತ್ತಿ ಮೊಳಕಾಲ್ಮೂರು ಸೇರಿದೆವು. ಚಾಪೆ ಬಿಚ್ಚುವ ಮನಸ್ಸಿಲ್ಲದೆ ಬೇವಿನ ಮರದಡಿ ಸುಮ್ಮನೆ ಕೂತಿದ್ದೆವು. ಸುದ್ದಿ ನಮಗಿಂತ ಮೊದಲೇ ಬಂದಿತ್ತು. ಮಧ್ಯಾಹ್ನ ಬಿಳಿ ಪಂಚೆಯ ಒಬ್ಬರು ನೇರ ಮಾವನ ಮುಂದೆ ಬಂದು ನಿಂತರು. ಹುಡುಗಿಯ ಅಪ್ಪ.

"ಸಾಮೀ, ಆ ಡ್ರೈವರ್ ಚೆಯ್ಯಿ ಚೂಸಿನ್ರಂತೆ" ಎಂದು, ಕೈ ನೋಡಿದಿರಂತೆ ಅನ್ನುವುದನ್ನು ತೆಲುಗು ಕನ್ನಡ ಬೆರೆಸಿ ಶುರು ಮಾಡಿದರು. "ನಾನು ಹೇಳಿದ್ದೇ ಆಯ್ತಲ್ಲ? ಬೆಳಿಗ್ಗೆ ಇರ್ತಾನೆ, ಸಂಜಿಕೆ ಇಲ್ಲ. ಹೇಳ್ರಿ, ಎಂಗೈತೆ ಅವನ ಆಯುಷ್ಯ? ನೀವು ಹೇಳಿದಂಗೆ ಮಾಡ್ತೀನಿ."

ಮಾವ ನೂರು ವರ್ಷ ಅಂದಿದ್ದರೆ ಮುಗಿಯುತ್ತಿತ್ತು. ಸಾವಿರಾರು ಜನಕ್ಕೆ ಅಂದವರು. ಅವತ್ತು "ಮಾತು ಮುಗೀಲಿಲ್ಲ" ಎಂದಷ್ಟೇ ಹೇಳಿದರು. ಅವರ ಕಣ್ಣಲ್ಲಿ ನೀರಿತ್ತು.

ಆ ಅಪ್ಪ ತಲೆಯಾಡಿಸಿ ಹೊರಟರು. ಓಬಳೇಶನ ಮದುವೆ ಅವರ ಬೆನ್ನಿಗೆ ಅಂಟಿಕೊಂಡು ಹೋಗುತ್ತಿತ್ತು.

"ಒಂದ್ನಿಮಿಷ ಅಣ್ಣಾರೆ" ಎಂದೆ. "ಗಂಡಸ್ರ ಕೈ ನಾನು ನೋಡಲ್ಲ. ಅವನ ಗೆರೆ ಹೆಂಗವೆ ಗೊತ್ತಿಲ್ಲ. ಕಣ್ಣಾರೆ ಕಂಡಿದ್ದು ಹೇಳ್ತೀನಿ. ಚಲಿಸೋ ಬಸ್ಸಾಗೆ ಕೈ ಕೊಟ್ಟಿದ್ದು ಅವನ ತಪ್ಪೇ, ಅದನ್ನ ಮುಚ್ಚಿಡಲ್ಲ. ಆದ್ರೆ ಎರಡು ಕಡೆನೂ ಮರ ಇದ್ದವು. ಎಡಕ್ಕೆ ತಿರುಗಿಸಿದ್ರೆ ಮರ ಹೆಂಗಸ್ರು ಕುಂತಿದ್ದ ಕಡೆ ತಗಲ್ತಿತ್ತು, ನಾನು ಇವತ್ತು ಇಲ್ಲಿ ಇರ್ತಿರ್ಲಿಲ್ಲ. ಅವನು ಬಲಕ್ಕೆ ತಿರುಗಿಸ್ದ. ತನ್ ಕಡೆಗೆ ತಗೊಂಡ."

ಅವರು ಪಂಚೆ ಎತ್ತಿ ಕಟ್ಟಿದರು. ಆಮೇಲೆ, "ಯಾವ ಆಸ್ಪತ್ರಿ?" ಎಂದು ಕೇಳಿದರು.

ಆ ದಿನದ ಮೇಲೆ ಮಾವ ಯಾರ ಕೈಯನ್ನೂ ಹಿಡಿಯಲಿಲ್ಲ. ಮುಂದೆ ಒಂದು ದಿಂಬು ಇಟ್ಟರು, ಬಂದವರು ಅದರ ಮೇಲೆ ಅಂಗೈ ಇಡಬೇಕು. ತಮ್ಮ ಕೈ ಎರಡನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ಬಗ್ಗಿ ನೋಡುವರು. ಜನ ಎಳೆದುಕೊಂಡರೆ ಎಳೆದುಕೊಂಡರು. ಗಿರಾಕಿ ಕಡಿಮೆಯಾದರು. ದಿಂಬಿಗೆ ಭವಿಷ್ಯ ಹೇಳಿಸಿಕೊಳ್ಳಲು ಯಾರು ಬರುತ್ತಾರೆ?

ಕೆಲವು ತಿಂಗಳ ಮೇಲೆ ಓಬಳೇಶ ಬಂದ. ಹೆಂಡತಿಯನ್ನೂ ಕರೆತಂದಿದ್ದ, ಮಗ್ಗದವರ ಅದೇ ಹುಡುಗಿ. ಅಂಗಡಿಯ ಬಾಗಿಲಲ್ಲೇ ನಾನು ಕೇಳಿದೆ, "ಬಸ್ಸೆಲ್ಲಿ?"

"ನಿಲ್ಸಿದೀನಕ್ಕ" ಎಂದು ಕೀಲಿಕೈ ತೆಗೆದು ನನ್ನ ಮುಂದಿಟ್ಟ. ಮಾವನ ಎದುರು ಕೂತು ಬಲಗೈಯನ್ನು ದಿಂಬಿನ ಮೇಲಿಟ್ಟ. "ಅವತ್ತು ಅರ್ಧಕ್ಕೆ ನಿಂತಿತ್ತಲ್ಲ ಸ್ವಾಮಿ. ಮುಗ್ಸಿಬಿಡ್ರಿ."

ಅಂಗೈಗೆ ಅಡ್ಡಲಾಗಿ ಹೊಲಿಗೆಯ ಗಾಯದ ಗೆರೆ, ಆಯುಷ್ಯ ರೇಖೆಯನ್ನೇ ಕಡಿದುಕೊಂಡು ಹೋಗಿತ್ತು. ಯಾವ ಪುಸ್ತಕದಲ್ಲೂ ಅಂಥದ್ದಕ್ಕೆ ಒಳ್ಳೆಯ ಅರ್ಥವಿಲ್ಲ. ಆ ಹುಡುಗಿ ಮಾವನ ಮುಖವನ್ನೇ ನೋಡುತ್ತಿದ್ದಳು.

ಮಾವ ಕಂಕುಳಿಂದ ಕೈ ತೆಗೆದರು. ಆ ಗಾಯದ ಮೇಲೆ ಒಂದು ಬೆರಳು ಇಟ್ಟು, ತಕ್ಷಣ ಎತ್ತಿದರು.

"ಎರಡು ಕೈಯೂ ಸ್ಟೇರಿಂಗ್ ಮ್ಯಾಲೆ ಇರೋವರ್ಗೂ ಆಯುಷ್ಯ ಗಟ್ಟಿ ಐತೆ ಕಣಪ್ಪ" ಎಂದರು. "ಮಾತು ಮುಗೀತು. ಹೋಗ್ಬಾ."

ಮಾವ ಈಗಿಲ್ಲ. ಅಂಗಡಿಯನ್ನು ನಾನೂ ಮುಚ್ಚಿದೆ. ಈ ಕೆಲಸಕ್ಕೆ ಬರುವವರು ಬನ್ನಿ, ಬೇಡ ಅನ್ನುವುದಿಲ್ಲ. ರೇಖೆ ಕಲಿಸಲು ಪುಸ್ತಕಗಳಿವೆ. ಒಂದು ಕೈ ನಿಮ್ಮತ್ತ ಬಂದಾಗ ಮಾತ್ರ, ಹಿಡಿಯುವ ಮುಂಚೆ, ಅದು ಅಷ್ಟು ಹೊತ್ತು ಏನನ್ನು ಹಿಡಿದಿತ್ತು ಎಂದು ಒಂದು ಸಲ ನೋಡಿ. ರೊಟ್ಟಿಯಾದರೆ ಸೀಯಲಿ.

ನಾನು ಈಗಲೂ ಮೊಳಕಾಲ್ಮೂರಿಗೆ ಹೋಗುತ್ತಿರುತ್ತೇನೆ. ಎಂಜಿನ್ ಡಬ್ಬದ ಮೇಲೆ ಕೂರುವುದಿಲ್ಲ. ಎಷ್ಟೇ ನೂಕುನುಗ್ಗಲಿರಲಿ, ಡ್ರೈವರನ ಎರಡೂ ಕೈ ಕಾಣುವ ಜಾಗ ಹುಡುಕಿ ನಿಂತುಕೊಳ್ಳುತ್ತೇನೆ. ರೇಖೆ ಕಾಣಬೇಕಿಲ್ಲ.